ಮೂರು ಲೈನಿನ ಪೆಟ್ಟಿಗೆಗೆ ಇನ್ನೊಂದು ಕಾರ್ಡು

ಪುಣೆಯ ಕನ್ನಡಿಗರ ಅಂಗಡಿ, ಹೋಟೆಲು, ಲಾಡ್ಜು, ದವಾಖಾನೆ, ಟ್ರಾನ್ಸ್‌ಪೋರ್ಟ್ ಕಚೇರಿ, ಇವುಗಳಲ್ಲಿ ಯಾವುದಕ್ಕೆ ಹೋದರೂ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯಲ್ಲಿ ಒಂದು ಬಿಳಿಯ ಪ್ಲಾಸ್ಟಿಕ್ ಪೆಟ್ಟಿಗೆ ಕಾಣಸಿಗುವುದುಂಟು. ಅದರ ಕೆಳಗಿನಿಂದ ತಂತಿಗಳ ಗೊಂಚಲು ಇಳಿದಿರುತ್ತದೆ, ಮೇಲೆ ಧೂಳು ಕುಳಿತಿರುತ್ತದೆ. ಎಲ್ಲರೂ ಅದನ್ನು ‘ಇಂಟರ್‌ಕಾಂ’ ಎನ್ನುತ್ತಾರೆ. ಅದರ ಸರಿಯಾದ ಹೆಸರು ಇ.ಪಿ.ಎ.ಬಿ.ಎಕ್ಸ್. ಹೊರಗಿನ ಎರಡೋ ಮೂರೋ ಟೆಲಿಫೋನ್ ಲೈನುಗಳನ್ನು ಕಚೇರಿಯ ಎಂಟು ಹತ್ತು ಮೇಜುಗಳಿಗೆ ಹಂಚಿಕೊಡುವ ಪುಟ್ಟ ಎಕ್ಸ್‌ಚೇಂಜು ಅದು.

ಯುವ ಮಿತ್ರರೇ, ನಿಮ್ಮಲ್ಲಿ ಅನೇಕರು ಹುಟ್ಟಿದ್ದೂ ಬೆಳೆದದ್ದೂ ಇದೇ ಊರಿನಲ್ಲಿ. ತಂದೆಯವರ ವ್ಯಾಪಾರ ಈಗ ನಿಧಾನವಾಗಿ ನಿಮ್ಮ ಕೈಗೆ ಬರುತ್ತಿದೆ. ಕೈಯಲ್ಲಿ ಮೊಬೈಲು ಇರುವಾಗ ಈ ಪೆಟ್ಟಿಗೆ ಯಾಕೆ ಎಂದು ಕೇಳುವುದು ಸಹಜ. ಆದರೆ ಹಳೆಯ ಗಿರಾಕಿಯ ಡೈರಿಯಲ್ಲಿರುವುದು ಅಂಗಡಿಯ ನಂಬರು. ಬೋರ್ಡಿನ ಮೇಲೆ, ಬಿಲ್ಲಿನ ಮೇಲೆ, ಲಾರಿಯ ಬಾಗಿಲಿನ ಮೇಲೆ ಬರೆಸಿದ್ದೂ ಅದೇ. ಹುಬ್ಬಳ್ಳಿಯಿಂದ ಒಬ್ಬರು ಫೋನ್ ಮಾಡಿದಾಗ ಎರಡು ಸಲ ‘ಎಂಗೇಜ್’ ಸದ್ದು ಕೇಳಿದರೆ ಮೂರನೆಯ ಸಲಕ್ಕೆ ಅವರು ಬೇರೆ ಟ್ರಾನ್ಸ್‌ಪೋರ್ಟಿನವರಿಗೆ ಫೋನ್ ಮಾಡುತ್ತಾರೆ. ಹಾಗೆ ತಪ್ಪಿಹೋದ ಬಾಡಿಗೆ ಯಾವ ಲೆಕ್ಕದ ಪುಸ್ತಕದಲ್ಲೂ ಕಾಣುವುದಿಲ್ಲ. ಆದ್ದರಿಂದ ಈ ಪೆಟ್ಟಿಗೆಯನ್ನು ಎಸೆಯುವ ಮೊದಲು, ಅಥವಾ ದೊಡ್ಡದೊಂದನ್ನು ಕೊಳ್ಳುವ ಮೊದಲು, ಇದನ್ನೇ ಬೆಳೆಸುವುದು ಹೇಗೆ ಎಂದು ತಿಳಿದುಕೊಳ್ಳುವುದು ಒಳ್ಳೆಯದು.

ಕಿತ್ತೂರಿನಲ್ಲಿ ನಡೆದದ್ದು

ಪುಣೆಯಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಬೆಳಗಾವಿ ದಾಟಿ ಧಾರವಾಡ ಸೇರುವ ಮುನ್ನ ಕಿತ್ತೂರು ಬರುತ್ತದೆ. ರಾತ್ರಿ ಬಸ್ಸಿನಲ್ಲಿ ಊರಿಗೆ ಹೋಗುವಾಗ ನೀವೆಲ್ಲ ನಿದ್ದೆಯಲ್ಲೇ ಅದನ್ನು ದಾಟಿರುತ್ತೀರಿ. 1824ರಲ್ಲಿ ರಾಣಿ ಚೆನ್ನಮ್ಮ ಬ್ರಿಟಿಷರನ್ನು ಎದುರಿಸಿದ ಊರು ಅದು ಎಂಬುದು ಎಲ್ಲರಿಗೂ ಗೊತ್ತು. ಭಾರತದ ದೂರವಾಣಿಯ ಚರಿತ್ರೆಯಲ್ಲೂ ಆ ಊರಿಗೆ ಒಂದು ಜಾಗವಿದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ.

ನಿಮ್ಮ ತಂದೆತಾಯಿಗಳ ಕಾಲದಲ್ಲಿ ಟೆಲಿಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿತ್ತು. ಊರಿಗೆ ಮಾತನಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಬೇಕು. ಅದರಲ್ಲಿ ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂಬ ದರ್ಜೆಗಳು. ಆಪರೇಟರ್ ಇಲ್ಲದೆ ನೇರವಾಗಿ ಡಯಲ್ ಮಾಡುವ ಎಸ್.ಟಿ.ಡಿ. ಸೌಲಭ್ಯ ದೇಶದಲ್ಲಿ ಮೊದಲು ಬಂದದ್ದು 1960ರ ನವೆಂಬರಿನಲ್ಲಿ, ಕಾನಪುರ ಮತ್ತು ಲಖನೌ ನಡುವೆ. ಬೆಂಗಳೂರಿನಲ್ಲಿ 1948ರಲ್ಲಿ ಆರಂಭವಾದ ಐ.ಟಿ.ಐ. ಕಾರ್ಖಾನೆ ದೇಶಕ್ಕೆ ಬೇಕಾದ ಟೆಲಿಫೋನುಗಳನ್ನೂ ಎಕ್ಸ್‌ಚೇಂಜುಗಳನ್ನೂ ತಯಾರಿಸುತ್ತಿತ್ತು. ಆದರೆ ಹೊಸ ಕಾಲದ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜುಗಳಿಗೆ ವಿದೇಶದ ತಂತ್ರಜ್ಞಾನವೇ ಬೇಕಾಗುತ್ತಿತ್ತು. ಅಂಥ ಯಂತ್ರಗಳನ್ನು ಹವಾನಿಯಂತ್ರಿತ ಕೋಣೆಯಲ್ಲಿ, ಧೂಳು ತಾಗದಂತೆ ಇಡಬೇಕು. ನಮ್ಮ ಹಳ್ಳಿಗಳಲ್ಲಿ ಅದು ಸಾಧ್ಯವೇ?

1984ರ ಆಗಸ್ಟಿನಲ್ಲಿ ಸಿ-ಡಾಟ್ ಎಂಬ ಸಂಶೋಧನಾ ಸಂಸ್ಥೆ ಹುಟ್ಟಿತು. 36 ತಿಂಗಳು, 36 ಕೋಟಿ ರೂಪಾಯಿ, ಇದು ಅದಕ್ಕೆ ಕೊಟ್ಟ ಗಡುವು ಮತ್ತು ಹಣ. ಸ್ಯಾಮ್ ಪಿತ್ರೋಡಾ ಅದರ ಹಿಂದಿನ ಪ್ರೇರಕ ಶಕ್ತಿ. ಜಿ.ಬಿ. ಮೀಮಾಂಸಿ ಅದರ ಮೊದಲ ಕಾರ್ಯನಿರ್ವಾಹಕ ನಿರ್ದೇಶಕರು. ದಿಲ್ಲಿ ಮತ್ತು ಬೆಂಗಳೂರುಗಳಲ್ಲಿ ತರುಣ ಇಂಜಿನಿಯರುಗಳು ಹಗಲಿರುಳು ದುಡಿದರು. ಅವರು ಮೊದಲು ಕೈಗೆತ್ತಿಕೊಂಡ ಕೆಲಸಗಳಲ್ಲಿ ಒಂದು, ಕಚೇರಿಗಳಿಗಾಗಿ 128 ಪೋರ್ಟುಗಳ ಎಕ್ಸ್‌ಚೇಂಜ್. ಅದೇ ವಿನ್ಯಾಸವನ್ನು ಹಳ್ಳಿಗೆ ಒಗ್ಗಿಸಿ ‘ರ್‍ಯಾಕ್ಸ್’ ಎಂಬ ಗ್ರಾಮೀಣ ಎಕ್ಸ್‌ಚೇಂಜನ್ನು ಮಾಡಿದರು. ಅದಕ್ಕೆ ಏರ್‌ಕಂಡೀಷನ್ ಬೇಕಿರಲಿಲ್ಲ, ಬಿಸಿಲು ಧೂಳನ್ನು ತಾಳಿಕೊಳ್ಳುತ್ತಿತ್ತು. ಅಂಥ ಮೊದಲ ರ್‍ಯಾಕ್ಸ್ 1986ರ ಜುಲೈಯಲ್ಲಿ ಕೆಲಸ ಶುರುಮಾಡಿದ್ದು ಕಿತ್ತೂರಿನಲ್ಲಿ. ಆಮೇಲೆ ಅದು ಭಾರತದ ಸಾವಿರಾರು ಊರುಗಳಿಗೆ ಹೋಯಿತು.

ನಮ್ಮ ಗೋಡೆಯ ಪೆಟ್ಟಿಗೆಗೂ ಇದಕ್ಕೂ ಏನು ಸಂಬಂಧ? ಎರಡರ ಮರ್ಮವೂ ಒಂದೇ. ಒಳಗೆ ಬುದ್ಧಿಯ ಕೆಲಸ ಮಾಡುವ ಒಂದು ಮುಖ್ಯ ಬೋರ್ಡು, ಅದಕ್ಕೆ ಅಗತ್ಯವಿದ್ದಷ್ಟು ಜೋಡಿಸಬಹುದಾದ ಕಾರ್ಡುಗಳು. ಕಾರ್ಡು ಕೆಟ್ಟರೆ ಕಾರ್ಡನ್ನಷ್ಟೇ ಬದಲಿಸು, ಲೈನು ಹೆಚ್ಚಾದರೆ ಇನ್ನೊಂದು ಕಾರ್ಡು ಕೂರಿಸು. ಊರು ಬೆಳೆದಂತೆ ಯಂತ್ರವೂ ಬೆಳೆಯುತ್ತದೆ.

ಎಷ್ಟು ಲೈನು ಬೇಕು?

ಸಣ್ಣ ಕಚೇರಿಗಳಲ್ಲಿ ಬಹಳವಾಗಿ ಬಳಕೆಯಾದ ಒಂದು ಮಾದರಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಪ್ಯಾನಾಸೋನಿಕ್ ಕಂಪನಿಯ ಟಿ.ಇ.ಎಸ್. 824. ಕೊಂಡಾಗ ಅದರಲ್ಲಿ 3 ಹೊರಲೈನು, 8 ಎಕ್ಸ್‌ಟೆನ್ಷನ್. ಅದಕ್ಕೆ 2 ಲೈನು ಮತ್ತು 8 ಎಕ್ಸ್‌ಟೆನ್ಷನ್ ಕೊಡುವ ಒಂದು ಕಾರ್ಡು, 3 ಲೈನು ಮತ್ತು 8 ಎಕ್ಸ್‌ಟೆನ್ಷನ್ ಕೊಡುವ ಇನ್ನೊಂದು ಕಾರ್ಡು ಹಾಕಿದರೆ ಒಟ್ಟು 8 ಲೈನು, 24 ಎಕ್ಸ್‌ಟೆನ್ಷನ್ ಆಗುತ್ತದೆ. ಎಕ್ಸ್‌ಟೆನ್ಷನ್ ಮಾತ್ರ ಹೆಚ್ಚಿಸುವ ಕಾರ್ಡು ಬೇರೆಯೇ ಇದೆ. ಬಾಗಿಲಿನ ಫೋನಿಗೆ, ಕರೆ ಮಾಡಿದವರ ನಂಬರು ತೋರಿಸುವುದಕ್ಕೆ, ಧ್ವನಿ ಸಂದೇಶಕ್ಕೆ ಕೂಡ ಬೇರೆ ಬೇರೆ ಕಾರ್ಡುಗಳಿವೆ.

ಯಾವುದನ್ನು ಕೊಳ್ಳಬೇಕು? ಅಂದಾಜಿನ ಮೇಲೆ ಹೋಗುವ ಅಗತ್ಯವಿಲ್ಲ, ಇದಕ್ಕೊಂದು ಗಣಿತವಿದೆ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿ ಕೆಲಸಕ್ಕಿದ್ದ ಎ.ಕೆ. ಎರ್ಲಾಂಗ್ ಎಂಬ ಡೆನ್ಮಾರ್ಕಿನ ಗಣಿತಜ್ಞ 1917ರಲ್ಲಿ ಪ್ರಕಟಿಸಿದ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಟೆಲಿಫೋನ್ ದಟ್ಟಣೆಯ ಅಳತೆಗೆ ಮುಂದೆ ಅವನ ಹೆಸರನ್ನೇ ಇಟ್ಟರು.

ಲೆಕ್ಕ ಹೀಗೆ. ಕಚೇರಿಯಲ್ಲಿ ಅತಿ ಹೆಚ್ಚು ಗದ್ದಲವಿರುವ ಒಂದು ಗಂಟೆಯನ್ನು ಆರಿಸಿಕೊಳ್ಳಿ, ಬೆಳಿಗ್ಗೆ 11ರಿಂದ 12 ಎನ್ನೋಣ. ಆ ಗಂಟೆಯಲ್ಲಿ ಬಂದದ್ದೂ ಹೋದದ್ದೂ ಸೇರಿ 30 ಕರೆಗಳು, ಒಂದೊಂದಕ್ಕೆ ಸರಾಸರಿ 3 ನಿಮಿಷ. ಒಟ್ಟು 90 ನಿಮಿಷದ ಮಾತು. ಅದನ್ನು 60ರಿಂದ ಭಾಗಿಸಿದರೆ 1.5. ಇದೇ 1.5 ಎರ್ಲಾಂಗ್. ಸರಾಸರಿ ಒಂದೂವರೆ ಲೈನು ತುಂಬಿರುವಾಗ ಮೂರು ಲೈನು ಧಾರಾಳವಾಯಿತಲ್ಲ ಎನಿಸುತ್ತದೆ. ಆದರೆ ಕರೆಗಳು ಸಾಲಾಗಿ ಒಂದರ ಹಿಂದೊಂದು ಬರುವುದಿಲ್ಲ, ಗುಂಪಾಗಿ ಬರುತ್ತವೆ. ಎರ್ಲಾಂಗನ ಸೂತ್ರಕ್ಕೆ ಹಾಕಿದರೆ 3 ಲೈನುಗಳಿದ್ದಾಗ ನೂರರಲ್ಲಿ ಸುಮಾರು 13 ಕರೆಗಳಿಗೆ ಎಲ್ಲ ಲೈನೂ ತುಂಬಿರುತ್ತದೆ. 4 ಲೈನಾದರೆ ಅದು ಸುಮಾರು 5ಕ್ಕೆ ಇಳಿಯುತ್ತದೆ. 5 ಲೈನಾದರೆ ಒಂದೂವರೆಗಿಂತಲೂ ಕಡಿಮೆ. ಅಂದರೆ 2 ಲೈನಿನ ಒಂದೇ ಕಾರ್ಡು, ಏಳೆಂಟಕ್ಕೆ ಒಂದರಂತೆ ತಪ್ಪುತ್ತಿದ್ದ ಕರೆಯನ್ನು ಎಪ್ಪತ್ತಕ್ಕೆ ಒಂದಾಗಿ ಮಾಡುತ್ತದೆ. ಆದ್ದರಿಂದ ಒಂದು ವಾರ ಒಂದು ನೋಟ್‌ಪುಸ್ತಕದಲ್ಲಿ ಕರೆಗಳನ್ನು ಎಣಿಸಿ, ಆಮೇಲೆ ಹಣ ಬಿಚ್ಚಿ.

ಇಲ್ಲಿ ಒಂದು ಮುಖ್ಯ ಸೂಚನೆ. ಗಿರಾಕಿಗಳಿಗೆ ಗೊತ್ತಿರುವುದು ನಿಮ್ಮ ಮೊದಲ ನಂಬರು ಒಂದೇ. ಅದು ತುಂಬಿದ್ದಾಗ ಕರೆ ತಾನಾಗಿ ಎರಡನೆಯ, ಮೂರನೆಯ ಲೈನಿಗೆ ಹೊರಳಬೇಕು. ಇದಕ್ಕೆ ‘ಹಂಟಿಂಗ್’ ಎನ್ನುತ್ತಾರೆ. ಇದನ್ನು ಮಾಡುವುದು ನಿಮ್ಮ ಪೆಟ್ಟಿಗೆಯಲ್ಲ, ಲೈನು ಕೊಟ್ಟ ಕಂಪನಿಯ ಎಕ್ಸ್‌ಚೇಂಜು. ಅಲ್ಲಿ ಅರ್ಜಿ ಕೊಟ್ಟು ಹಂಟಿಂಗ್ ಮಾಡಿಸದಿದ್ದರೆ ಐದು ಲೈನಿದ್ದರೂ ಹೊರಗಿನವರಿಗೆ ಕೇಳುವುದು ಅದೇ ಎಂಗೇಜ್ ಸದ್ದು.

ಕೊಳ್ಳುವ ಮುನ್ನ

ಇಂಥ ಪೆಟ್ಟಿಗೆಗಳಲ್ಲಿ ಹಲವು ಈಗ ತಯಾರಾಗುತ್ತಿಲ್ಲ. ಹಳೆಯ ಪೆಟ್ಟಿಗೆಗೆ ಬೇಕಾದ ಕಾರ್ಡನ್ನು ಹುಡುಕಿಯೇ ತರಬೇಕಾಗುತ್ತದೆ. ಬುಧವಾರ ಪೇಠೆಯ ತಾಪಕೀರ ಗಲ್ಲಿಯಂಥ ಎಲೆಕ್ಟ್ರಾನಿಕ್ ಬಜಾರಿನಲ್ಲಿ ವಿಚಾರಿಸುವಾಗ ಪೆಟ್ಟಿಗೆಯ ಹೆಸರಷ್ಟೇ ಹೇಳಿದರೆ ಸಾಲದು. ಪೆಟ್ಟಿಗೆಯ ಬದಿಯಲ್ಲಿರುವ ಮಾಡೆಲ್ ನಂಬರಿನ ಚೀಟಿಯ ಫೋಟೋ ತೆಗೆದುಕೊಂಡು ಹೋಗಿ. ಒಂದೇ ಕಂಪನಿಯ ಎರಡು ಮಾಡೆಲ್‌ಗಳ ಕಾರ್ಡುಗಳು ನೋಡಲು ಒಂದೇ ತೆರನಾಗಿದ್ದರೂ ಕನೆಕ್ಟರು ಬೇರೆ ಇರಬಹುದು. ಕಾರ್ಡು ಯಾವ ಸ್ಲಾಟಿನಲ್ಲಿ ಕೂರಬೇಕು, ಅದರ ಜೊತೆಗೆ ಬೇರೆ ಕಾರ್ಡು ಬೇಕೇ ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಳ್ಳಿ. ಹಳೆಯ ಕಾರ್ಡಾದರೆ ಕನೆಕ್ಟರಿನ ಸೂಜಿಗಳು ಬಾಗಿಲ್ಲವೆಂದೂ, ಬೋರ್ಡಿನಲ್ಲಿ ಸುಟ್ಟ ಕಲೆ ಇಲ್ಲವೆಂದೂ ನೋಡಿ ಕೊಳ್ಳಿ. ಮಿಂಚಿಗೆ ಸಿಕ್ಕ ಕಾರ್ಡುಗಳು ಒರೆಸಿಕೊಂಡು ಮತ್ತೆ ಮಾರಾಟಕ್ಕೆ ಬರುವುದುಂಟು.

ಕೂರಿಸುವ ಕೆಲಸ

ಕೆಲಸಕ್ಕೆ ಕಚೇರಿಯ ರಜೆಯ ದಿನ ಆರಿಸಿಕೊಳ್ಳಿ. ಗುಡುಗು ಮಿಂಚಿನ ಹೊತ್ತಿನಲ್ಲಿ ಪೆಟ್ಟಿಗೆಗೆ ಕೈ ಹಾಕಲೇಬಾರದು. ಪುಣೆಯಲ್ಲಿ ಮೇ ತಿಂಗಳ ಮಧ್ಯಾಹ್ನ ಕಳೆದ ಮೇಲೆ ಬರುವ ಮಳೆಯನ್ನು ನಂಬುವಂತಿಲ್ಲ, ಆದ್ದರಿಂದ ಬೆಳಿಗ್ಗೆಯೇ ಮುಗಿಸುವುದು ಕ್ಷೇಮ.

ಮೊದಲು ಈಗಿರುವ ವ್ಯವಸ್ಥೆಯನ್ನು ಬರೆದಿಟ್ಟುಕೊಳ್ಳಿ. ಯಾವ ಲೈನು ಯಾವ ಮೇಜಿನಲ್ಲಿ ರಿಂಗ್ ಆಗುತ್ತದೆ, ಯಾರಿಗೆ ಹೊರಗೆ ಕರೆ ಮಾಡುವ ಅನುಮತಿ ಇದೆ, ಯಾವ ತಂತಿ ಯಾವ ಜಾಕಿನಲ್ಲಿದೆ, ಎಲ್ಲವನ್ನೂ. ಕಂಪ್ಯೂಟರಿನಿಂದ ಪ್ರೋಗ್ರಾಂ ಮಾಡುವ ಪೆಟ್ಟಿಗೆಯಾದರೆ ಅದರ ಪ್ರತಿಯನ್ನು ಉಳಿಸಿಕೊಳ್ಳಿ.

ಆಮೇಲೆ ಸ್ವಿಚ್ ಆರಿಸಿ, ಪ್ಲಗ್ಗನ್ನೂ ಕಿತ್ತುಬಿಡಿ. ಇಷ್ಟಕ್ಕೇ ಪೆಟ್ಟಿಗೆಯಲ್ಲಿ ವಿದ್ಯುತ್ ಇಲ್ಲ ಎಂದು ತಿಳಿಯಬೇಡಿ. ತಾಮ್ರದ ಟೆಲಿಫೋನ್ ಲೈನಿನಲ್ಲಿ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿರುತ್ತದೆ. ಯಾರಾದರೂ ಅದೇ ಗಳಿಗೆಯಲ್ಲಿ ಫೋನ್ ಮಾಡಿದರೆ ರಿಂಗಿನ ವೋಲ್ಟೇಜು 75ರ ಮೇಲೆ ಹೋಗುತ್ತದೆ, ಬೆರಳಿಗೆ ಚೆನ್ನಾಗಿಯೇ ಜುಮ್ಮೆನ್ನಿಸುತ್ತದೆ. ಆದ್ದರಿಂದ ಹೊರಲೈನುಗಳನ್ನೂ ಬಿಚ್ಚಿ, ಗುರುತು ಹಾಕಿ ಇಡಿ. ಕೆಲವು ನಿಮಿಷ ಕಾದು ಮುಚ್ಚಳ ತೆಗೆಯಿರಿ.

ಕಾರ್ಡಿನ ನಿಜವಾದ ವೈರಿ ನಮ್ಮ ಮೈಯಲ್ಲಿರುವ ಸ್ಥಿರವಿದ್ಯುತ್ತು. ಪುಣೆಯ ಒಣಹವೆಯಲ್ಲಿ ಟೆರಿಲಿನ್ ಅಂಗಿ ತೊಟ್ಟು ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಬಾಗಿಲ ಹಿಡಿ ಮುಟ್ಟಿದಾಗ ಚುರುಕ್ ಎನ್ನುವುದಿಲ್ಲವೇ, ಅದೇ. ಆ ಒಂದು ಕಿಡಿ ಸಾಕು, ಕಾರ್ಡಿನ ಚಿಪ್ ಹಾಳಾಗಲು. ಕಣ್ಣಿಗೆ ಏನೂ ಕಾಣುವುದಿಲ್ಲ, ಎರಡು ತಿಂಗಳಾದ ಮೇಲೆ ಒಂದು ಪೋರ್ಟು ಸತ್ತಿರುತ್ತದೆ. ಕಾರ್ಡನ್ನು ಅದರ ಚೀಲದಿಂದ ತೆಗೆಯುವ ಮೊದಲು ಅರ್ಥಿಂಗ್ ಇರುವ ಲೋಹವನ್ನು ಮುಟ್ಟಿ. ಮಣಿಕಟ್ಟಿನ ಪಟ್ಟಿ ಸಿಕ್ಕರೆ ಇನ್ನೂ ಒಳ್ಳೆಯದು. ಕಾರ್ಡನ್ನು ಅಂಚಿನಲ್ಲಿ ಮಾತ್ರ ಹಿಡಿಯಿರಿ.

ಕೂರಿಸುವುದು ಐದು ನಿಮಿಷದ ಕೆಲಸ. ಸ್ಲಾಟಿನ ಮುಂದಿನ ಖಾಲಿ ಪಟ್ಟಿಯನ್ನು ತೆಗೆದು, ಕಾರ್ಡನ್ನು ನೇರವಾಗಿ ಹಿಡಿದು, ಕನೆಕ್ಟರುಗಳನ್ನು ಹೊಂದಿಸಿ, ಎರಡೂ ಬದಿಯಿಂದ ಸಮನಾಗಿ ಒತ್ತಬೇಕು. ಹೋಗದಿದ್ದರೆ ಬಲ ಹಾಕಬಾರದು, ತೆಗೆದು ಮತ್ತೆ ನೋಡಬೇಕು. ಕೊಟ್ಟಿರುವ ಸ್ಕ್ರೂಗಳನ್ನೆಲ್ಲ ಹಾಕಿ. ಅವು ಕಾರ್ಡನ್ನು ಹಿಡಿಯುವುದಕ್ಕಷ್ಟೇ ಅಲ್ಲ, ಎಷ್ಟೋ ಕಡೆ ಅದನ್ನು ಅರ್ಥಿಗೆ ಜೋಡಿಸುವುದೂ ಅವೇ.

ಅರ್ಥಿಂಗ್ ಬಗ್ಗೆ ಎರಡು ಮಾತು. ಪೆಟ್ಟಿಗೆಯಲ್ಲಿ ಅರ್ಥ್ ತಂತಿಗೆಂದೇ ಒಂದು ಸ್ಕ್ರೂ ಇರುತ್ತದೆ. ಬಹಳ ಕಡೆ ಅದು ಬೆತ್ತಲೆಯಾಗಿ ನಿಂತಿರುತ್ತದೆ. ಹೊರಗಿನಿಂದ ಲೈನು ಒಳಬರುವ ಜಾಗದಲ್ಲಿ ಮಿಂಚುರಕ್ಷಕ ಹಾಕಿ, ಅದನ್ನೂ ಪೆಟ್ಟಿಗೆಯನ್ನೂ ಒಳ್ಳೆಯ ಅರ್ಥಿಗೆ ಸೇರಿಸದಿದ್ದರೆ ಹೊಸ ಕಾರ್ಡಿನ ಆಯುಷ್ಯ ಮುಂದಿನ ಮುಂಗಾರಿನವರೆಗೆ ಮಾತ್ರ. ಇದನ್ನೂ 230 ವೋಲ್ಟಿನ ಯಾವುದೇ ಕೆಲಸವನ್ನೂ ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ತಂತಿ ಮತ್ತು ಗುರುತು

ಸಾಮಾನ್ಯ ಫೋನಿಗೆ ಎರಡು ತಂತಿ ಸಾಕು. ಗುಂಡಿಗಳೂ ದೀಪಗಳೂ ಇರುವ ಕಂಪನಿಯ ಕೀ-ಫೋನಿಗೆ ನಾಲ್ಕು ತಂತಿ ಬೇಕಾಗಬಹುದು. ಐದು ಜೋಡಿಯ ಕೇಬಲಿನಲ್ಲಿ ಬಿಳಿಯ ಜೊತೆಗೆ ನೀಲಿ, ಕಿತ್ತಳೆ, ಹಸಿರು, ಕಂದು, ಬೂದು ಈ ಕ್ರಮದಲ್ಲಿ ಬಣ್ಣಗಳು ಬರುತ್ತವೆ. ಮೊದಲ ಜೋಡಿ ಮೊದಲ ಫೋನಿಗೆ, ಎರಡನೆಯದು ಎರಡನೆಯದಕ್ಕೆ. ಈ ಕ್ರಮ ಒಮ್ಮೆ ತಪ್ಪಿದರೆ ಮುಂದೆ ಬರುವವನು ಒಂದೊಂದೇ ತಂತಿ ಎಳೆದು ನೋಡಬೇಕು. ಕ್ರೋನ್ ಬಾಕ್ಸಿನಲ್ಲಿ ತಂತಿಯನ್ನು ಅದರ ಸಾಧನದಿಂದಲೇ ಒತ್ತಿ, ಸ್ಕ್ರೂಡ್ರೈವರಿನಿಂದ ತುರುಕಬೇಡಿ. ಕೊನೆಗೆ ಒಂದು ಕಾಗದದಲ್ಲಿ ಪಟ್ಟಿ ಬರೆದು ಪೆಟ್ಟಿಗೆಯ ಬಳಿಯೇ ಅಂಟಿಸಿ.

ಪೆಟ್ಟಿಗೆಗೆ ತಿಳಿಸಿಕೊಡುವುದು

ವಿದ್ಯುತ್ ಕೊಟ್ಟ ಮೇಲೆ ಹೊಸ ಎಕ್ಸ್‌ಟೆನ್ಷನ್‌ಗಳಿಗೆ ನಂಬರು ಸಾಮಾನ್ಯವಾಗಿ ತಾನಾಗಿಯೇ ಬರುತ್ತದೆ. ಮೊದಲು 101ರಿಂದ 108 ಇದ್ದದ್ದು ಈಗ 116ರವರೆಗೆ ಹೋಗುತ್ತದೆ. ಆದರೆ ಹೊಸ ಲೈನು ಎಲ್ಲಿ ರಿಂಗ್ ಆಗಬೇಕು, ರಾತ್ರಿ ಎಲ್ಲಿ, ಹಗಲು ಎಲ್ಲಿ ಎಂಬುದನ್ನು ನೀವೇ ಹೇಳಬೇಕು. ಐದರಲ್ಲಿ ನಾಲ್ಕೇ ಲೈನು ಬಂದಿದ್ದರೆ ಐದನೆಯದು ‘ಜೋಡಣೆಯಿಲ್ಲ’ ಎಂದು ಪೆಟ್ಟಿಗೆಗೆ ತಿಳಿಸಬೇಕು. ಇಲ್ಲವಾದರೆ ಹೊರಗೆ ಕರೆ ಮಾಡಲು ಹೋದವನಿಗೆ ಆಗಾಗ ಸತ್ತ ಲೈನು ಸಿಗುತ್ತದೆ.

ಪಾಸ್‌ವರ್ಡನ್ನು ತಪ್ಪದೆ ಬದಲಿಸಿ. ಬಹಳ ಪೆಟ್ಟಿಗೆಗಳು ಕಾರ್ಖಾನೆಯಿಂದ ಬರುವಾಗ ಅದು 1234. ಹೊರಗಿನಿಂದ ಫೋನ್ ಮಾಡಿ ಒಳಗಿನ ಲೈನಿನಿಂದ ಮತ್ತೆ ಹೊರಗೆ ಡಯಲ್ ಮಾಡುವ ಸೌಲಭ್ಯ ಕೆಲವು ಕಾರ್ಡುಗಳಲ್ಲಿದೆ. ಅಗತ್ಯವಿಲ್ಲದಿದ್ದರೆ ಅದನ್ನು ಮುಚ್ಚಿಡಿ. ತೆರೆದ ಬಾಗಿಲನ್ನು ಹುಡುಕಿಕೊಂಡೇ ಕೂತಿರುವ ಕಳ್ಳರು ವಿದೇಶಕ್ಕೆ ಮಾಡಿದ ಕರೆಗಳ ಬಿಲ್ಲು ಬರುವುದು ನಿಮ್ಮ ಹೆಸರಿಗೆ.

ಕರೆಂಟ್ ಹೋದಾಗ

ಇದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯ. ಲಾಡ್ಜಿನಲ್ಲಿ ರಾತ್ರಿ ಒಬ್ಬರಿಗೆ ಎದೆನೋವು ಬಂತು, ಕರೆಂಟ್ ಇಲ್ಲ, ಕೌಂಟರಿನ ಫೋನು ಮೂಕವಾಗಿದೆ ಎಂದರೆ ಯಾವ ಕಾರ್ಡು ಇದ್ದೂ ಏನು ಪ್ರಯೋಜನ? ಒಳ್ಳೆಯ ಪೆಟ್ಟಿಗೆಗಳಲ್ಲಿ ವಿದ್ಯುತ್ ಹೋದ ತಕ್ಷಣ ಒಂದು ಹೊರಲೈನು ಒಂದು ಗೊತ್ತಾದ ಪೋರ್ಟಿಗೆ, ಸಾಮಾನ್ಯವಾಗಿ ಮೊದಲನೆಯದು ಮೊದಲನೆಯದಕ್ಕೆ, ನೇರವಾಗಿ ಸೇರಿಕೊಳ್ಳುತ್ತದೆ. ಆ ಪೋರ್ಟಿನಲ್ಲಿ ಇರಬೇಕಾದದ್ದು ಕೀ-ಫೋನಲ್ಲ, ಎರಡು ತಂತಿಯ ಸಾದಾ ಫೋನು. ಆ ಫೋನಿಗೆ ಕೆಂಪು ಚೀಟಿ ಅಂಟಿಸಿ, ಅದು ಯಾವುದೆಂದು ಎಲ್ಲ ಕೆಲಸದವರಿಗೂ ತೋರಿಸಿ.

ಇಲ್ಲಿ ಹೊಸ ಕಾಲದ ಒಂದು ತೊಡಕು ಸೇರಿಕೊಂಡಿದೆ. ತಾಮ್ರದ ಲೈನು ಹೋಗಿ ಫೈಬರ್ ಬಂದಿರುವ ಕಡೆ ಲೈನಿನ ವಿದ್ಯುತ್ತು ಎಕ್ಸ್‌ಚೇಂಜಿನಿಂದ ಬರುವುದಿಲ್ಲ, ನಿಮ್ಮ ಗೋಡೆಯ ಪ್ಲಗ್ಗಿನಿಂದಲೇ ಬರಬೇಕು. ಫೈಬರಿನ ಪುಟ್ಟ ಪೆಟ್ಟಿಗೆ ಆರಿದರೆ ಲೈನೂ ಆರಿತು. ಆದ್ದರಿಂದ ಯು.ಪಿ.ಎಸ್. ಹಾಕುವಾಗ ಇಂಟರ್‌ಕಾಂ ಪೆಟ್ಟಿಗೆಯನ್ನೂ ಫೈಬರಿನ ಪೆಟ್ಟಿಗೆಯನ್ನೂ ಎರಡನ್ನೂ ಅದಕ್ಕೆ ಸೇರಿಸಿ. ಪುಣೆಯಲ್ಲಿ ವಿದ್ಯುತ್ ಇಲಾಖೆಯ ದುರಸ್ತಿ ಕೆಲಸಕ್ಕೆ ಗುರುವಾರ ಕರೆಂಟ್ ತೆಗೆಯುವ ರೂಢಿ ನಿಮಗೆ ಗೊತ್ತೇ ಇದೆ. ಬೈದುಕೊಳ್ಳುವ ಬದಲು ಅಂಥ ಒಂದು ಗುರುವಾರವನ್ನು ಪರೀಕ್ಷೆಗೆ ಬಳಸಿಕೊಳ್ಳಿ. ಕೆಂಪು ಚೀಟಿಯ ಫೋನೆತ್ತಿ ಡಯಲ್ ಟೋನ್ ಬರುತ್ತದೆಯೇ ನೋಡಿ.

ದನಿ ಯಾವ ಭಾಷೆಯಲ್ಲಿ?

ಧ್ವನಿ ಸಂದೇಶದ ಕಾರ್ಡು ಹಾಕಿದರೆ ಕರೆ ಮಾಡಿದವರಿಗೆ ಮೊದಲು ನೀವು ರೆಕಾರ್ಡ್ ಮಾಡಿದ ಸ್ವಾಗತ ಕೇಳಿಸುತ್ತದೆ. ಬುಕಿಂಗಿಗೆ ಒಂದನ್ನು ಒತ್ತಿ, ಲೆಕ್ಕಪತ್ರಕ್ಕೆ ಎರಡನ್ನು ಒತ್ತಿ ಎಂಬಂತೆ. ಎಲ್ಲರೂ ಇದನ್ನು ಇಂಗ್ಲಿಷಿನಲ್ಲಿ ಮಾಡಿ ಮುಗಿಸುತ್ತಾರೆ. ನಾವಿರುವ ಊರಿನ ಭಾಷೆ ಮರಾಠಿ, ಅದಕ್ಕೆ ಮೊದಲ ಸ್ಥಾನ ಸಲ್ಲಬೇಕು. ಅದರ ಬೆನ್ನಿಗೇ ಕನ್ನಡದಲ್ಲಿ ಎರಡು ವಾಕ್ಯ ಇರಲಿ. ನಿಪ್ಪಾಣಿಯಿಂದಲೋ ಗದಗಿನಿಂದಲೋ ಕುಂದಾಪುರದಿಂದಲೋ ಫೋನ್ ಮಾಡಿದ ಹಿರಿಯರಿಗೆ ಪುಣೆಯ ನಂಬರಿನಲ್ಲಿ ‘ನಮಸ್ಕಾರ, ಹೇಳಿ’ ಎಂಬುದು ಕೇಳಿದಾಗ ಆಗುವ ಧೈರ್ಯ ದೊಡ್ಡದು. ಓದಲು ಬರೆಯಲು ಬಾರದಿದ್ದರೂ ನಿಮಗೆಲ್ಲ ಕನ್ನಡ ಮಾತನಾಡಲು ಬರುತ್ತದಷ್ಟೆ? ಆ ದನಿ ನಿಮ್ಮದೇ ಆಗಲಿ. ಮನೆಯಲ್ಲಿ ಅಜ್ಜಿಯ ಮುಂದೆ ಒಮ್ಮೆ ಹೇಳಿ ತಿದ್ದಿಸಿಕೊಂಡು ರೆಕಾರ್ಡ್ ಮಾಡಿ.

ಯಾವಾಗ ಬೇಡ?

ಎಲ್ಲ ಪೆಟ್ಟಿಗೆಯನ್ನೂ ಬೆಳೆಸುತ್ತ ಹೋಗುವುದು ಜಾಣತನವಲ್ಲ. ಸ್ಲಾಟುಗಳು ಮುಗಿದಿದ್ದರೆ, ಮುಖ್ಯ ಬೋರ್ಡೇ ಆಗಾಗ ಕೈಕೊಡುತ್ತಿದ್ದರೆ, ಕಾರ್ಡಿನ ಬೆಲೆ ಹೊಸ ಪೆಟ್ಟಿಗೆಯ ಅರ್ಧಕ್ಕಿಂತ ಮೀರಿದರೆ, ಅಥವಾ ನಿಮ್ಮ ಕಚೇರಿ ಎರಡು ಊರುಗಳಲ್ಲಿದ್ದು ಅವನ್ನು ಇಂಟರ್ನೆಟ್ಟಿನ ಮೂಲಕ ಜೋಡಿಸಬೇಕಿದ್ದರೆ ಹೊಸ ಕಾಲದ ಐ.ಪಿ. ವ್ಯವಸ್ಥೆಗೆ ಹೋಗುವುದೇ ಸರಿ. ಆದರೆ ಹತ್ತು ಹದಿನೈದು ಜನರ ಕಚೇರಿಗೆ, ತಂತಿಗಳು ಗಟ್ಟಿಯಾಗಿರುವಾಗ, ಒಂದು ಕಾರ್ಡು ಇನ್ನೂ ಹಲವು ವರ್ಷ ನಡೆಸಿಕೊಡುತ್ತದೆ.

ಮುಂದಿನ ಭಾನುವಾರ ತಂದೆಯವರ ಅಂಗಡಿಗೆ ಹೋಗಿ. ಪೆಟ್ಟಿಗೆಯ ಧೂಳು ಒರೆಸಿ, ಮಾಡೆಲ್ ನಂಬರು ಬರೆದುಕೊಳ್ಳಿ, ಅರ್ಥ್ ಸ್ಕ್ರೂಗೆ ತಂತಿ ಇದೆಯೇ ನೋಡಿ, ತಂತಿಗಳ ಪಟ್ಟಿ ಮಾಡಿ. ಹಿಂದೆ ತಂತಿ ಎಳೆದವರು ಯಾರು, ಮೊದಲ ಲೈನಿಗೆ ಎಷ್ಟು ವರ್ಷ ಕಾದಿರಿ ಎಂದು ಹಿರಿಯರನ್ನು ಕೇಳಿ. ಆ ನಂಬರನ್ನು ಅವರು ಯಾಕೆ ಇಷ್ಟು ಜೋಪಾನ ಮಾಡಿದ್ದಾರೆಂಬುದು ಆಗ ನಿಮಗೇ ತಿಳಿಯುತ್ತದೆ. ಅದು ಎಂಗೇಜ್ ಆಗದಂತೆ ನೋಡಿಕೊಳ್ಳುವ ಕೆಲಸ ಇನ್ನು ನಿಮ್ಮದು.